ಪ್ರಾಗ್‌ನಲ್ಲಿ ಅಮ್ಮನ ಜೊತೆ ಮೂರು ದಿನ: ಗೈಡ್ ಬೇಕಾ, ಆಡಿಯೋ ಟೂರ್ ಸಾಕಾ?

ಬೇಲೂರಿನ_ಹುಡುಗಿ
ಎಲ್ಲರಿಗೂ ನಮಸ್ಕಾರ. ಮ್ಯೂನಿಕ್‌ಗೆ ಬಂದು ಮೂರು ವರ್ಷ ಆಯಿತು. ಈ ಸಲ ಬೇಸಿಗೆಗೆ ಅಮ್ಮ ಬರುತ್ತಿದ್ದಾರೆ. ಜೂನ್ ಮೊದಲ ವಾರ ರೈಲಿನಲ್ಲಿ ಪ್ರಾಗ್‌ಗೆ ಹೋಗಿ ಮೂರು ದಿನ ಇರುವ ಯೋಚನೆ ಇದೆ. ಗುಂಪಿನ ಜೊತೆ ಗೈಡ್ ಹಿಂದೆ ಓಡೋದು ಅಮ್ಮನಿಗೆ ಆಗಲ್ಲ. 64 ವರ್ಷ, ಮಂಡಿ ನೋವು, ನಡುನಡುವೆ ಕೂರಬೇಕು. ಅದಕ್ಕೆ ಫೋನಿನಲ್ಲಿ ಆಡಿಯೋ ಟೂರ್ ಹಾಕಿಕೊಂಡು ನಮ್ಮ ಪಾಡಿಗೆ ನಾವು ನಡೆಯೋಣ ಅಂತ.

ತೊಂದರೆ ಒಂದೇ. ಅಮ್ಮನಿಗೆ ಇಂಗ್ಲಿಷ್ ಬರಲ್ಲ. ನಾನು ಕೇಳಿ ಕೇಳಿ ಅನುವಾದ ಮಾಡುತ್ತಾ ಹೋದರೆ ಇಬ್ಬರಿಗೂ ಸುಖ ಇಲ್ಲ. ಯಾರಾದರೂ ಹೀಗೆ ಅಪ್ಪ ಅಮ್ಮನ ಜೊತೆ ಮಾಡಿದ್ದೀರಾ?

ಧಾರವಾಡ_ಪೇಢಾ
ನಾನು ಎರಡು ವರ್ಷದ ಹಿಂದೆ ಒಬ್ಬನೇ ಹೋಗಿದ್ದೆ, ಪೂರ್ತಿ ಆಡಿಯೋದಾಗೇ ನೋಡಿದೆ. ಭಾಳ ಚಲೋ ಆತು. ಬೇಕಾದಲ್ಲಿ ನಿಲ್ಲಿಸಬಹುದು, ಚಹಾ ಕುಡಿಯಬಹುದು, ಬೇಜಾರಾದರೆ ಮುಂದಿನದಕ್ಕೆ ಹಾರಬಹುದು. ಗೈಡ್‌ಗೆ ಹಂಗೆ ಹೇಳಕ್ಕಾಗತದೇನ್ರಿ?

ವಾಯ್ಸ್‌ಮ್ಯಾಪ್ ಥರದ ಆ್ಯಪ್‌ಗಳಲ್ಲಿ ಜಿಪಿಎಸ್ ಇರುತ್ತದೆ. ನೀವು ಜಾಗಕ್ಕೆ ಹೋದ ಕೂಡಲೇ ಕಥೆ ತಾನೇ ಶುರುವಾಗುತ್ತದೆ. ಇಝಿ ಟ್ರಾವೆಲ್‌ನಲ್ಲಿ ಉಚಿತದ್ದು ಬಹಳ ಇವೆ. ಹೋಟೆಲ್ ವೈಫೈನಲ್ಲೇ ಡೌನ್‌ಲೋಡ್ ಮಾಡಿಟ್ಟುಕೊಳ್ಳಿ. ಪವರ್ ಬ್ಯಾಂಕ್ ಮರೆಯಬೇಡಿ. ಜಿಪಿಎಸ್, ಆಡಿಯೋ ಎರಡೂ ಓಡಿದರೆ ಮಧ್ಯಾಹ್ನದೊಳಗೆ ಬ್ಯಾಟರಿ ಢಮಾರ್.

ಒಂದು ಎಚ್ಚರಿಕೆ. ಕಾರ್ಲೊವಾ ಬೀದಿ ಬಹಳ ಕಿರಿದು, ವಂಕಿ ವಂಕಿಯಾಗಿದೆ. ಅಲ್ಲಿ ಜಿಪಿಎಸ್ ತಲೆ ಕೆಟ್ಟವರ ಥರ ಆಡುತ್ತದೆ. ಕೆಪ್ಲರ್ ಇದ್ದ ಮನೆ ಆ ಬೀದಿಯಲ್ಲಿದೆ. ಗ್ರಹಗಳು ಸೂರ್ಯನ ಸುತ್ತ ದೀರ್ಘವೃತ್ತದ ದಾರಿಯಲ್ಲಿ ಸುತ್ತುತ್ತವೆ ಅಂತ 1609ರಲ್ಲಿ ಪುಸ್ತಕದಲ್ಲಿ ಹೇಳಿದಾತ. ನನ್ನ ಫೋನು ಆತನ ಕಥೆಯನ್ನು ಒಂದು ಬೊಂಬೆ ಅಂಗಡಿ ಮುಂದೆ ನಿಲ್ಲಿಸಿ ಹೇಳಿತು. ನಾನು ಐದು ನಿಮಿಷ ಬೊಂಬೆಗಳನ್ನೇ ಭಕ್ತಿಯಿಂದ ನೋಡಿದೆ.

ಸುಮ್ನೆ_ನಡೆ
ನನಗೆ ಈ ಆಡಿಯೋ ಟೂರ್ ಹಿಡಿಸಲ್ಲ. ಕಿವಿಯಲ್ಲಿ ಯಾರೋ ಮಾತಾಡುತ್ತಿದ್ದರೆ ಊರಿನ ಸದ್ದೇ ಕೇಳಲ್ಲ. ಟ್ರಾಮಿನ ಗಂಟೆ, ಕಲ್ಲಿನ ಮೇಲೆ ಸೂಟ್‌ಕೇಸ್ ಉರುಳುವ ಶಬ್ದ, ಇದೆಲ್ಲ ಪ್ರಾಗ್ ಅಲ್ವಾ? ಸುಮ್ನೆ ನಡೆಯಿರಿ. ಇತಿಹಾಸ ಮನೆಗೆ ಬಂದ ಮೇಲೆ ಓದಿ.

ಲೆಕ್ಕ_ಪಕ್ಕಾ
ಮನೆಗೆ ಬಂದು ಓದಿದರೆ ನೆಲದಲ್ಲಿರುವ 27 ಶಿಲುಬೆ ತುಳಿದುಕೊಂಡು ಹೋಗಿರುತ್ತೀರಿ ಸರ್. ಹಳೇ ಊರ ಚೌಕದಲ್ಲಿ ಟೌನ್ ಹಾಲ್ ಪಕ್ಕ ಬಿಳಿ ಕಲ್ಲಿನಲ್ಲಿ ಹಾಕಿದ್ದಾರೆ. ಪ್ರಾಗ್ ಸುತ್ತಲಿನ ಹಳೇ ರಾಜ್ಯ ಬೊಹೆಮಿಯಾ. ಚಕ್ರವರ್ತಿಯ ವಿರುದ್ಧ ದಂಗೆ ಎದ್ದ ಅಲ್ಲಿನವರು 1620ರ ಬಿಳಿಗುಡ್ಡದ ಯುದ್ಧದಲ್ಲಿ ಸೋತರು. ಮಾರನೇ ವರ್ಷ ಜೂನ್ 21ರಂದು 27 ಮುಖಂಡರನ್ನು ಅಲ್ಲೇ ಕೊಂದರು. 12 ಜನರ ತಲೆಯನ್ನು ಚಾರ್ಲ್ಸ್ ಸೇತುವೆಯ ಗೋಪುರಕ್ಕೆ ಹತ್ತು ವರ್ಷ ನೇತುಹಾಕಿದ್ದರು. ಹೇಳುವವರು ಇಲ್ಲದಿದ್ದರೆ ಅದು ಬರೀ ಟೈಲ್ಸ್.

ಸುಮ್ನೆ_ನಡೆ
ಸರಿ, ಅದನ್ನು ಒಪ್ಪಿದೆ. ಆದರೂ ಮೂರು ದಿನವೂ ಕಿವಿಗೆ ಹಾಕಿಕೊಂಡೇ ಇರಬೇಡಿ ಅಂತ.

ವಲ್ತಾವ_ದಡ
ಉಡುಪಿಯವಳು, ಪ್ರಾಗ್‌ನಲ್ಲಿ ಆರು ವರ್ಷದಿಂದ ಇದ್ದೇನೆ. ಅಮ್ಮನ ಮಂಡಿ ಬಗ್ಗೆ ಮೊದಲು ಹೇಳುತ್ತೇನೆ, ಆಡಿಯೋ ಆಮೇಲೆ.

ಹೆಚ್ಚಿನ ಆಡಿಯೋ ಟೂರ್‌ಗಳು ಹಳೇ ರಾಜಮಾರ್ಗದ ದಾರಿ ಹಿಡಿಯುತ್ತವೆ. ಪೌಡರ್ ಗೋಪುರದಿಂದ ಶುರು, ಸೆಲೆಟ್ನಾ ಬೀದಿ, ಹಳೇ ಊರ ಚೌಕ, ಕಾರ್ಲೊವಾ, ಚಾರ್ಲ್ಸ್ ಸೇತುವೆ, ಕೊನೆಗೆ ನೆರುದೋವಾ ಬೀದಿ ಹತ್ತಿ ಕೋಟೆ. ಪಟ್ಟಾಭಿಷೇಕಕ್ಕೆ ರಾಜರು ಹೋಗುತ್ತಿದ್ದ ದಾರಿ. ಆದರೆ ರಾಜರು ಕುದುರೆ ಮೇಲೆ ಹೋಗುತ್ತಿದ್ದರು! ಕೊನೆಯ ಆ ಏರು ಸುಸ್ತು ಮಾಡಿಸುತ್ತೆ. ನೀವು ಉಲ್ಟಾ ಮಾಡಿ. 22ನೇ ನಂಬರ್ ಟ್ರಾಮ್ ಹತ್ತಿ ಪೊಹೊರ್ಜೆಲೆಟ್ಸ್ ಸ್ಟಾಪಿನಲ್ಲಿ ಇಳಿಯಿರಿ. ಅಲ್ಲಿಂದ ಕೋಟೆಗೂ ಇಳಿಜಾರು, ಕೋಟೆಯಿಂದ ಸೇತುವೆಗೂ ಇಳಿಜಾರು. ಟ್ರಾಮಿನಲ್ಲಿ ಚೀಲ ಮುಂದೆ ಹಾಕಿಕೊಳ್ಳಿ, ಆ ರೂಟಿನಲ್ಲಿ ಜೇಬುಗಳ್ಳರು ಜಾಸ್ತಿ. ಕಾಗದದ ಟಿಕೆಟ್ ತಗೊಂಡರೆ ಹತ್ತಿದ ತಕ್ಷಣ ಮೆಷಿನ್‌ಗೆ ತೂರಿಸಿ ಮುದ್ರೆ ಹಾಕಿಸಿ. ಇಲ್ಲದಿದ್ದರೆ ಟಿಕೆಟ್ ಇದ್ದೂ ದಂಡ.

ಚಪ್ಪಲಿ ಬೇಡ. ಇಲ್ಲಿನ ಫುಟ್‌ಪಾತಿಗೆ ಹಾಸಿರೋದು ಚಿಕ್ಕ ಚಿಕ್ಕ ಕಲ್ಲು, ಮಳೆ ಬಂದರೆ ಜಾರುತ್ತದೆ. ಒಳ್ಳೆ ಶೂ ಕೊಡಿಸಿ. ಸೀರೆಗೆ ಶೂ ಹೇಗೆ ಅಂತ ಅಮ್ಮ ಕೇಳುತ್ತಾರೆ, ನಮ್ಮಮ್ಮನೂ ಕೇಳಿದ್ದರು. ಎರಡನೇ ದಿನ ಅವರೇ ಹಾಕಿಕೊಂಡರು.

ದುಡ್ಡು ಯೂರೋ ಅಲ್ಲ, ಕೊರುನಾ. ಚೌಕದ ಸುತ್ತ ದುಡ್ಡು ಬದಲಿಸುವ ಅಂಗಡಿಗಳ ಬೋರ್ಡು ನಂಬಬೇಡಿ. ಮೋಸ ಆಯಿತು ಅನ್ನಿಸಿದರೆ ರಸೀದಿ ತೋರಿಸಿ ಮೂರು ಗಂಟೆಯೊಳಗೆ ವಾಪಸ್ ಕೇಳಬಹುದು, 2019ರಿಂದ ಹಾಗೆ ಕಾನೂನು ಇದೆ. ಟಾಯ್ಲೆಟ್‌ಗೆ ಚಿಲ್ಲರೆ ಇಟ್ಟುಕೊಳ್ಳಿ. ಆಡಿಯೋದಲ್ಲಿ ಯಾರೂ ಹೇಳದ ವಿಷಯ ಇದು, ಅಮ್ಮಂದಿರ ಜೊತೆ ಹೋದಾಗ ಇದೇ ಮುಖ್ಯ.

ಬೇಲೂರಿನ_ಹುಡುಗಿ
ಉಲ್ಟಾ ಹೋದರೆ ಆಡಿಯೋ ಹೇಗೆ? "ಈಗ ಎಡಕ್ಕೆ ತಿರುಗಿ" ಅಂದಾಗ ನಾವು ಬಲಕ್ಕೆ ತಿರುಗಬೇಕಾ?

ವಲ್ತಾವ_ದಡ
ಹೌದು, ಅದೊಂದು ಗೋಳು. ಜಿಪಿಎಸ್ ಆಫ್ ಮಾಡಿ, ಒಂದೊಂದೇ ಟ್ರ್ಯಾಕ್ ಕೈಯಲ್ಲಿ ಒತ್ತಿ. ದಾರಿಗೆ ಮ್ಯಾಪ್ ಬೇರೆ, ಕಥೆಗೆ ಆಡಿಯೋ ಬೇರೆ.

ಚಿಕ್ಕಮಗಳೂರ್_ಕಾಫಿ
ಬೇಲೂರಿನವರೇ, ನಿಮ್ಮ ಪ್ರಶ್ನೆಗೆ ಯಾರೂ ಉತ್ತರವೇ ಕೊಟ್ಟಿಲ್ಲ. ನಾನು ಅಪ್ಪನನ್ನು ರೋಮ್‌ಗೆ ಕರ್ಕೊಂಡು ಹೋದಾಗ ಇದೇ ಸಮಸ್ಯೆ. ಏನು ಮಾಡಿದೆ ಗೊತ್ತಾ? ನಾನೇ ಕನ್ನಡದಲ್ಲಿ ರೆಕಾರ್ಡ್ ಮಾಡಿ ಅಪ್ಪನ ಫೋನಿಗೆ ಹಾಕಿದೆ. ವಾಟ್ಸಾಪ್ ವಾಯ್ಸ್ ಮೆಸೇಜ್ ಥರಾನೇ, 14 ಫೈಲು. ಜಾಗಕ್ಕೆ ಹೋದಾಗ "ಅಪ್ಪ, ಐದನೇದು ಒತ್ತು" ಅನ್ನೋದು. ನಾನು ನನ್ನ ಇಂಗ್ಲಿಷ್ ಟೂರ್ ಕೇಳ್ತಿದ್ದೆ.

ಮೊದಲ ಮೂರು ಫೈಲು ಕೆಟ್ಟದಾಗಿ ಬಂತು. ಶಾಲೆಯಲ್ಲಿ ಪಾಠ ಓದಿದ ಹಾಗೆ. ಅಪ್ಪ ಅರ್ಧಕ್ಕೇ ಕಿವಿಯಿಂದ ತೆಗೆದರು. ಆಮೇಲೆ ಕಲಿತದ್ದು: ಎರಡು ನಿಮಿಷಕ್ಕಿಂತ ಜಾಸ್ತಿ ಬೇಡ. ಒಂದು ಜಾಗಕ್ಕೆ ಒಂದೇ ಇಸವಿ. ಮೊದಲು ಎಲ್ಲಿ ನೋಡಬೇಕು ಅಂತ ಹೇಳಬೇಕು, ಕಥೆ ಆಮೇಲೆ. ಪ್ಯಾಂಥಿಯನ್‌ಗೆ "ಅಪ್ಪ, ತಲೆ ಎತ್ತು. ಸೂರಿನ ನಡುವೆ ತೂತು ಕಾಣ್ತಾ? ಅದಕ್ಕೆ ಮುಚ್ಚಳ ಇಲ್ಲ, ಮಳೆ ಒಳಗೇ ಬೀಳುತ್ತೆ" ಅಂತ ಶುರು ಮಾಡಿದ್ದೆ. ಅಪ್ಪ ತಕ್ಷಣ "ನಮ್ಮ ತೊಟ್ಟಿ ಮನೆ ಥರ" ಅಂದರು. ನೀರು ಹರಿದು ಹೋಗಲು ನೆಲದಲ್ಲಿ ಸಣ್ಣ ರಂಧ್ರಗಳಿವೆ. ಅದನ್ನು ಹುಡುಕಿ ತೋರಿಸಿದ್ದು ಅಪ್ಪನೇ, ನನ್ನ ಆಡಿಯೋ ಅಲ್ಲ.

ಬೇಲೂರಿನ_ಹುಡುಗಿ
ಅಯ್ಯೋ, ಇದು ನನಗೆ ಹೊಳೆದೇ ಇರಲಿಲ್ಲ! ಮಾಡ್ತೀನಿ. ಪ್ರಾಗ್‌ನಲ್ಲಿ ಯಾವ ಯಾವ ಜಾಗಕ್ಕೆ ಮಾಡಲಿ? ಕಥೆಗಳನ್ನು ಕೊಡಿ ಎಲ್ಲರೂ.

ಧಾರವಾಡ_ಪೇಢಾ
ಚಾರ್ಲ್ಸ್ ಸೇತುವೆಗೆ ಮುಹೂರ್ತದ ಕಥೆ ಹೇಳ್ರಿ. ರಾಜ ನಾಲ್ಕನೇ ಚಾರ್ಲ್ಸ್ ಜ್ಯೋತಿಷಿಗಳನ್ನು ಕೇಳಿ 1357ರ 9ನೇ ತಾರೀಖು, 7ನೇ ತಿಂಗಳು, ಬೆಳಿಗ್ಗೆ 5 ಗಂಟೆ 31 ನಿಮಿಷಕ್ಕೆ ಅಡಿಗಲ್ಲು ಇಟ್ಟನಂತೆ. ಸಾಲಾಗಿ ಬರೆದರೆ 135797531. ಆ ಕಡೆಯಿಂದ ಓದಿದರೂ ಅದೇ, ಈ ಕಡೆಯಿಂದ ಓದಿದರೂ ಅದೇ.

ಇನ್ನೊಂದು ಮೊಟ್ಟೆ ಕಥೆ. ಗಾರೆ ಗಟ್ಟಿಯಾಗಲಿ ಅಂತ ಊರೂರಿಂದ ಮೊಟ್ಟೆ ತರಿಸಿದರಂತೆ. ವೆಲ್ವರಿ ಅನ್ನೋ ಊರಿನವರು ದಾರಿಯಲ್ಲಿ ಒಡೆಯದಿರಲಿ ಅಂತ ಬೇಯಿಸಿ ಕಳಿಸಿದರಂತೆ!

ಲೆಕ್ಕ_ಪಕ್ಕಾ
ಕಥೆ ಅಂತಲೇ ಹೇಳಿ, ಇತಿಹಾಸ ಅಂತ ಹೇಳಬೇಡಿ. 1357 ಗಟ್ಟಿ. ಗಂಟೆ ನಿಮಿಷದ ಲೆಕ್ಕ ಬಹಳ ಆಮೇಲೆ ಕಟ್ಟಿದ್ದು, ಆ ಕಾಲದ ದಾಖಲೆಯಲ್ಲಿ ಇಲ್ಲ.

ಹಳೇ ಊರ ಚೌಕದ ಟೌನ್ ಹಾಲಿನಲ್ಲಿರುವ ಖಗೋಳ ಗಡಿಯಾರಕ್ಕೂ ಹಾಗೇ. ಹನುಷ್ ಅನ್ನೋ ಮೇಸ್ತ್ರಿ ಅದನ್ನು ಮಾಡಿದ, ಇನ್ನೊಂದು ಊರಿಗೆ ಇಂಥದ್ದು ಮಾಡಬಾರದು ಅಂತ ಪುರಸಭೆಯವರು ಅವನ ಕಣ್ಣು ಕೀಳಿಸಿದರು ಅಂತ ಬಹುತೇಕ ಟೂರ್‌ಗಳು ಹೇಳುತ್ತವೆ. ಗಡಿಯಾರ 1410ರದ್ದು, ಮಾಡಿದವನು ಕಾದಾನ್ ಊರಿನ ಮಿಕುಲಾಷ್. ಅವನ ಕಣ್ಣು ಚೆನ್ನಾಗೇ ಇತ್ತು.

ನೆಪೋಮುಕ್‌ನ ಸಂತ ಜಾನ್ ಕೂಡ. ಸೇತುವೆಯ ಮೇಲಿರುವ 30 ವಿಗ್ರಹಗಳಲ್ಲಿ ಮೊದಲು ನಿಲ್ಲಿಸಿದ್ದು ಅವನದ್ದು, 1683ರಲ್ಲಿ. ರಾಣಿ ಹೇಳಿಕೊಂಡ ಗುಟ್ಟನ್ನು ರಾಜನಿಗೆ ಹೇಳಲಿಲ್ಲ, ಅದಕ್ಕೆ ನದಿಗೆ ಎಸೆದರು ಅಂತ ಕಥೆ. 1393ರಲ್ಲಿ ಎಸೆದದ್ದು ನಿಜ. ಕಾರಣ ರಾಜನಿಗೂ ಆರ್ಚ್‌ಬಿಷಪ್‌ಗೂ ಇದ್ದ ಅಧಿಕಾರದ ಜಗಳ.

ಚಿಕ್ಕಮಗಳೂರ್_ಕಾಫಿ
ಸರ್, ನೀವು ಜಕಣಾಚಾರಿ ಕಥೆಗೂ ದಾಖಲೆ ಕೇಳೋರು ಅನ್ಸುತ್ತೆ 😄

ಲೆಕ್ಕ_ಪಕ್ಕಾ
ಕೇಳಿದ್ದೇನೆ. ಅದು ಬೇರೆ ಚರ್ಚೆ.

ಜಾವಾ_ಮೈಸೂರು
ಮಗಳೇ, ಕೋಟೆ ಚರ್ಚು ಎಲ್ಲ ಸರಿ. ಪ್ರಾಗ್ ಅಂದರೆ ನಮ್ಮಂಥವರಿಗೆ ಜಾವಾ ಬೈಕು. ಯಾನೆಚೆಕ್ ಅನ್ನೋರು 1929ರಲ್ಲಿ ಪ್ರಾಗ್‌ನಲ್ಲಿ ಶುರು ಮಾಡಿದ್ದು. ಅವರ ಹೆಸರಿನ 'ಜಾ', ವಾಂಡರರ್ ಕಂಪನಿಯ 'ವಾ' ಸೇರಿ ಜಾವಾ. ಅದೇ ಬೈಕನ್ನು ಮೈಸೂರಿನ ಐಡಿಯಲ್ ಜಾವಾದಲ್ಲಿ 1961ರಿಂದ ಮಾಡಿದರು, ಆಮೇಲೆ ಯೆಜ್ಡಿ ಆಯಿತು, 1996ರಲ್ಲಿ ಬಾಗಿಲು ಹಾಕಿತು. ಲೆತ್ನಾದಲ್ಲಿ ರಾಷ್ಟ್ರೀಯ ತಾಂತ್ರಿಕ ಮ್ಯೂಸಿಯಂ ಇದೆ, ಹಳೇ ಕಾರು, ಬೈಕು, ವಿಮಾನ ಎಲ್ಲ ಒಂದೇ ದೊಡ್ಡ ಹಾಲಿನಲ್ಲಿ. ಅದಕ್ಕೂ ಒಂದು ಫೈಲ್ ಮಾಡು.

ಬೇಲೂರಿನ_ಹುಡುಗಿ
ಅಂಕಲ್, ಅಪ್ಪನ ಹತ್ತಿರ ಯೆಜ್ಡಿ ಇತ್ತು. ಖಂಡಿತ ಹೋಗ್ತೀವಿ.

ವಲ್ತಾವ_ದಡ
ಊಟದ ಬಗ್ಗೆ ಯಾರೂ ಕೇಳಲಿಲ್ಲ, ನಾನೇ ಹೇಳುತ್ತೇನೆ. ಸಸ್ಯಾಹಾರಿಗಳಿಗೆ ಹಳೇ ಥರದ ಹೋಟೆಲಿನಲ್ಲಿ ಸಿಗೋದು ಕರಿದ ಚೀಸ್, ಅದರ ಜೊತೆ ಆಲೂಗಡ್ಡೆ. ಆಲೂಗಡ್ಡೆ ಸೂಪಿನಲ್ಲೂ ಮಾಂಸದ ನೀರು ಇರಬಹುದು, ಕೇಳಿ ತಗೊಳ್ಳಿ. ಬೀದಿಯಲ್ಲಿ ಕೋಲಿಗೆ ಸುತ್ತಿ ಸುಡುವ ತ್ರ್‌ದೆಲ್ನಿಕ್ ಸಿಹಿ ಕಾಣುತ್ತದೆ. "ಪ್ರಾಗ್‌ನ ಪುರಾತನ ತಿಂಡಿ" ಅಂತ ಬೋರ್ಡ್ ಇರುತ್ತೆ, ಪುರಾತನ ಏನೂ ಅಲ್ಲ, ಪ್ರವಾಸಿಗರಿಗೆ ಅಂತ ಬಂದದ್ದು. ತಿನ್ನೋಕೆ ಚೆನ್ನಾಗಿದೆ ಬಿಡಿ.

ಬೇಲೂರಿನ_ಹುಡುಗಿ (ಮೂರು ವಾರದ ನಂತರ)
ಹೋಗಿ ಬಂದೆವು! ಉದ್ದವಾಗಿ ಬರೆಯುತ್ತೇನೆ, ಕ್ಷಮಿಸಿ.

ಒಟ್ಟು 11 ಫೈಲ್ ಮಾಡಿದೆ. ರಾತ್ರಿ ಅಡುಗೆ ಮನೆಯಲ್ಲಿ ಕೂತು ರೆಕಾರ್ಡ್ ಮಾಡಿದ್ದು, ಎರಡರಲ್ಲಿ ಫ್ರಿಜ್ ಸದ್ದು ಇದೆ. ಅಮ್ಮನಿಗೆ ಒಂದೇ ಕಿವಿಗೆ ಹಾಕಿದೆ, ಸೈಕಲ್, ಟ್ರಾಮ್ ಬರೋದು ಕೇಳಲಿ ಅಂತ.

ಮೊದಲ ದಿನ ವಲ್ತಾವ ಮೇಡಂ ಹೇಳಿದ ಹಾಗೆ 22ನೇ ಟ್ರಾಮ್, ಮೇಲಿಂದ ಕೆಳಗೆ. ಸಂತ ವಿಟಸ್ ಚರ್ಚಿನ ಒಳಗೆ ಅಮ್ಮ ಬಣ್ಣದ ಗಾಜು ನೋಡುತ್ತಾ ಕೂತರು. 1344ರಲ್ಲಿ ಶುರು ಮಾಡಿ 1929ರಲ್ಲಿ ಮುಗಿಸಿದರು ಅಂತ ಫೈಲಿನಲ್ಲಿ ಹೇಳಿದ್ದೆ. "ಪಾಪ, ಹಳೇಬೀಡು ಇನ್ನೂ ಮುಗಿದಿಲ್ಲ" ಅಂದರು.

ನೆರುದೋವಾ ಬೀದಿ ಅಮ್ಮನಿಗೆ ತುಂಬಾ ಹಿಡಿಸಿತು. 1770ರಲ್ಲಿ ಮನೆ ನಂಬರ್ ಬರುವ ಮುಂಚೆ ಮನೆಗಳನ್ನು ಬಾಗಿಲ ಮೇಲಿನ ಚಿತ್ರದಿಂದ ಗುರುತು ಹಿಡಿಯುತ್ತಿದ್ದರಲ್ಲ, ಮೂರು ಪಿಟೀಲಿನ ಮನೆ, ಚಿನ್ನದ ಕೀಲಿಯ ಮನೆ, ಎರಡು ಸೂರ್ಯರ ಮನೆ. ಅಮ್ಮ ಒಂದೊಂದೇ ಹುಡುಕಿ ನಿಲ್ಲುತ್ತಿದ್ದರು. ನಮ್ಮೂರಿನಲ್ಲಿ ಹುಣಸೆಮರದ ಮನೆ, ಮೆಟ್ಟಿಲು ಮನೆ ಅಂತಿದ್ದರಂತೆ. ಈಗಲೂ ಪ್ರತಿ ಮನೆಗೆ ಎರಡು ನಂಬರ್ ಇದೆ, ಕೆಂಪು ಒಂದು, ನೀಲಿ ಒಂದು. ಬೀದಿ ಲೆಕ್ಕದ್ದು ನೀಲಿ. ನಮ್ಮ ಹೋಟೆಲ್ ಹುಡುಕುವಾಗ ನಾನು ಕೆಂಪು ನೋಡಿಕೊಂಡು ಎರಡು ಸುತ್ತು ಹಾಕಿಸಿದೆ. ಇದನ್ನು ಯಾರಾದರೂ ಮೊದಲೇ ಹೇಳಬಾರದಿತ್ತಾ?

ಸೇತುವೆಗೆ ಮಾರನೇ ದಿನ ಬೆಳಿಗ್ಗೆ ಆರಕ್ಕೆ ಹೋದೆವು. ಅರ್ಧ ಕಿಲೋಮೀಟರ್ ಉದ್ದದ ಸೇತುವೆ ಮೇಲೆ ನಾವು, ಎರಡು ಮದುವೆ ಜೋಡಿಗಳು, ಅವರ ಫೋಟೋದವರು. ಮೊಟ್ಟೆ ಕಥೆ ಕೇಳಿ ಅಮ್ಮ ನಗಲಿಲ್ಲ. "ನಮ್ಮಲ್ಲಿ ಗಾರೆಗೆ ಬೆಲ್ಲ, ಅಳಲೆಕಾಯಿ ನೀರು ಹಾಕ್ತಿದ್ರು, ಇವರು ಮೊಟ್ಟೆ ಹಾಕಿರಬಹುದು. ಅದರಲ್ಲೇನಿದೆ?" ಅಂದರು. ಬೇಯಿಸಿದ್ದು ಅಂದಾಗ ಮಾತ್ರ ಬಿದ್ದು ಬಿದ್ದು ನಕ್ಕರು.

ಈಗ ಗಡಿಯಾರ. ನನ್ನ ಫೈಲ್ ಎರಡು ನಿಮಿಷದಲ್ಲಿ ಮುಗಿಯಿತು. ಅಮ್ಮ ಮುಕ್ಕಾಲು ಗಂಟೆ ಅಲ್ಲಿಂದ ಕದಲಲಿಲ್ಲ. ಎಲ್ಲರೂ ಬರೋದು ಗಂಟೆ ಹೊಡೆಯೋದು ನೋಡಲು. ಬೆಳಿಗ್ಗೆ 9ರಿಂದ ರಾತ್ರಿ 11ರವರೆಗೆ ಗಂಟೆಗೊಮ್ಮೆ ಅಸ್ಥಿಪಂಜರ ಗಂಟೆ ಎಳೆಯುತ್ತೆ, ಮೇಲಿನ ಕಿಟಕಿಯಲ್ಲಿ ಯೇಸುವಿನ ಶಿಷ್ಯರ ಬೊಂಬೆಗಳು ಹಾದುಹೋಗುತ್ತವೆ, ಕೋಳಿ ಕೂಗುತ್ತೆ, ಮುಗೀತು. ಜನ "ಇಷ್ಟೇನಾ" ಅಂತ ಚದುರಿದರು. ಅಮ್ಮ ಬೊಂಬೆ ನೋಡಲೇ ಇಲ್ಲ. ಅವರ ಕಣ್ಣು ರಾಶಿ ಚಕ್ರದ ಮೇಲೆ.

"ಇದು ಪಂಚಾಂಗ ಕಣೇ" ಅಂದರು. ಅರ್ಧ ಬೆಳ್ಳಿ ಅರ್ಧ ಕಪ್ಪು ಇರುವ ಚಂದ್ರನ ಗುಂಡು ನೋಡಿ ತಿಥಿ ಲೆಕ್ಕ ಹಾಕಿ, ಸರಿ ಇದೆ ಅಂದರು. ಹೊರಗಿನ ಬಳೆಯಲ್ಲಿ ಸೂರ್ಯಾಸ್ತದಿಂದ ಗಂಟೆ ಎಣಿಸುವ ಹಳೇ ಬೊಹೆಮಿಯಾ ಲೆಕ್ಕ ಇದೆ ಅಂದೆ. "ನಾವು ಸೂರ್ಯ ಹುಟ್ಟಿದಾಗಿಂದ ಘಳಿಗೆ ಎಣಿಸ್ತೀವಿ, ಇವರು ಮುಳುಗಿದಾಗಿಂದ." ಆಮೇಲೆ ಸೂರ್ಯನ ಗುರುತು ನೋಡಿ ಮುಖ ಗಂಟಿಕ್ಕಿದರು. ಅದು ಮಿಥುನದಲ್ಲಿತ್ತು. "ತಪ್ಪು. ಈಗ ಸೂರ್ಯ ವೃಷಭದಲ್ಲಿ. ಮಿಥುನ ಸಂಕ್ರಮಣಕ್ಕೆ ಇನ್ನೂ ಹತ್ತು ದಿನ ಇದೆ. ಯಾರಿಗಾದರೂ ಹೇಳು." ಯಾರಿಗೆ ಹೇಳಲಿ?

ಅದೇ ಚೌಕದಲ್ಲಿ ನನ್ನ ಇಂಗ್ಲಿಷ್ ಆಡಿಯೋ ಕೈ ಕೊಟ್ಟಿತು. ಯಾವುದು ಅಂತ ಹೇಳಲ್ಲ. "1918ರಲ್ಲಿ ಜನ ಮೇರಿ ಮಾತೆಯ ಕಂಬ ಕೆಡವಿದರು, ಈಗ ಅಲ್ಲಿ ಖಾಲಿ ನೆಲ ಮಾತ್ರ" ಅಂತ ದುಃಖದ ದನಿಯಲ್ಲಿ ಹೇಳುತ್ತಿದೆ. ನಾನು ಆ ಕಂಬದ ನೆರಳಲ್ಲೇ ನಿಂತಿದ್ದೇನೆ! ಆಮೇಲೆ ನೋಡಿದರೆ 2020ರಲ್ಲಿ ಅದರ ಪ್ರತಿಯನ್ನು ಮತ್ತೆ ನಿಲ್ಲಿಸಿದ್ದಾರೆ. ಯಾವಾಗ ರೆಕಾರ್ಡ್ ಮಾಡಿದ್ದು ಅಂತ ನೋಡಿ ತಗೊಳ್ಳಿ.

ಯಹೂದಿ ಕೇರಿಯಲ್ಲಿ ಟೌನ್ ಹಾಲಿನ ಗಡಿಯಾರ ಉಲ್ಟಾ ಓಡುತ್ತೆ. ಹೀಬ್ರೂ ಅಕ್ಷರ, ಬಲದಿಂದ ಎಡಕ್ಕೆ ಓದುವ ಹಾಗೆ ಮುಳ್ಳೂ ಹಾಗೇ. ಅದಕ್ಕೆ ಮಾಡಿದ ಫೈಲ್ ಚೆನ್ನಾಗಿತ್ತು. ಪಿಂಕಾಸ್ ಸಿನಗಾಗ್‌ಗೂ (ಯಹೂದಿಗಳ ಪ್ರಾರ್ಥನಾ ಮಂದಿರ) ಒಂದು ಮಾಡಿದ್ದೆ, ಹಾಕಲಿಲ್ಲ. ಗೋಡೆ ತುಂಬ ಸುಮಾರು 80 ಸಾವಿರ ಜನರ ಹೆಸರು, ಕೈಯಲ್ಲಿ ಬರೆದದ್ದು. ಅಮ್ಮನಿಗೆ ಆ ಲಿಪಿ ಓದಲು ಬರಲ್ಲ. "ಇದೆಲ್ಲಾ ಹೆಸರಾ?" ಅಂದರು. ಹೌದು ಅಂದೆ. "ಹಿಟ್ಲರ್ ಕಾಲದ್ದಾ?" ಹೌದು ಅಂದೆ. ಇಯರ್‌ಫೋನ್ ತೆಗೆದು ಕೈಯಲ್ಲಿ ಹಿಡಿದುಕೊಂಡರು.

ಮೂರನೇ ದಿನ ಬೆಳಿಗ್ಗೆ ಮ್ಯೂಸಿಯಂ. ಆಮೇಲೆ ಕಿವಿಗೆ ಏನೂ ಹಾಕದೆ ನದಿ ದಂಡೆಯಲ್ಲಿ ನಡೆದೆವು. 'ಸುಮ್ನೆ ನಡೆ' ಅವರೇ, ಅದು ನಿಮ್ಮ ಲೆಕ್ಕಕ್ಕೆ.

ಸುಮ್ನೆ_ನಡೆ
ಸಿಕ್ಕಿತು. 🙏

ಲೆಕ್ಕ_ಪಕ್ಕಾ
ಅಮ್ಮ ಹೇಳಿದ್ದು ತಪ್ಪಲ್ಲ, ಗಡಿಯಾರವೂ ತಪ್ಪಲ್ಲ. ಅವರದ್ದು ಸಾಯನ, ವಿಷುವದಿಂದ ರಾಶಿ ಎಣಿಸುತ್ತಾರೆ. ನಮ್ಮದು ನಿರಯನ, ನಕ್ಷತ್ರದಿಂದ. ಈಗ ಎರಡರ ನಡುವೆ ಸುಮಾರು 24 ಡಿಗ್ರಿ ವ್ಯತ್ಯಾಸ, ಅದೇ ಅಯನಾಂಶ. ಸೂರ್ಯ ದಿನಕ್ಕೆ ಹತ್ತಿರ ಹತ್ತಿರ ಒಂದು ಡಿಗ್ರಿ ಸಾಗುತ್ತಾನೆ, ಹಾಗಾಗಿ ಅವರ ಮಿಥುನ ನಮ್ಮದಕ್ಕಿಂತ ಮೂರು ವಾರದ ಮೇಲೆ ಮುಂಚೆ ಬರುತ್ತದೆ.

ಬೇಲೂರಿನ_ಹುಡುಗಿ
ಓದಿ ಹೇಳಿದೆ. "ಅಯನಾಂಶ ನನಗೆ ಗೊತ್ತು, ಆದರೂ ಪಕ್ಕದಲ್ಲಿ ಒಂದು ಬೋರ್ಡ್ ಹಾಕಬಹುದಿತ್ತು" ಅಂದರು.

ಜಾವಾ_ಮೈಸೂರು
ಮ್ಯೂಸಿಯಂನಲ್ಲಿ ಏನಾಯ್ತು ಹೇಳಲೇ ಇಲ್ಲವಲ್ಲ ಮಗಳೇ?

ಬೇಲೂರಿನ_ಹುಡುಗಿ
ಅಂಕಲ್, ಆ ಫೈಲ್ ನಾನು ಮಾಡಿರಲಿಲ್ಲ, ನೀವು ಬರೆದಿದ್ದನ್ನೇ ಓದಿ ಹೇಳಿದೆ. ಅಮ್ಮ ಬೈಕುಗಳ ಮುಂದೆ ನಿಂತು "ಕಿಕ್ಕರನ್ನೇ ಮಡಚಿದರೆ ಗೇರು, ನಿಮ್ಮಪ್ಪನಿಗೆ ಮಾತ್ರ ಬರ್ತಿತ್ತು" ಅಂದರು. ಅದನ್ನು ರೆಕಾರ್ಡ್ ಮಾಡಿಕೊಂಡಿದ್ದೇನೆ.

ಚಿಕ್ಕಮಗಳೂರ್_ಕಾಫಿ
ಹಾಗಾದರೆ ಅದೇ 12ನೇ ಫೈಲ್. ಎಲ್ಲ ಒಂದು ಕಡೆ ಹಾಕ್ರೀ, ಅಕ್ಟೋಬರ್‌ನಲ್ಲಿ ಅತ್ತೆ ಮಾವನ ಜೊತೆ ನಾವೂ ಹೋಗ್ತಿದ್ದೀವಿ.

ಬೇಲೂರಿನ_ಹುಡುಗಿ
ಭಾನುವಾರ ಹಾಕ್ತೀನಿ. ಗಡಿಯಾರದ್ದನ್ನು ಹೊಸದಾಗಿ ಮಾಡಬೇಕು, ಈ ಸಲ ಅಮ್ಮ ತಾವೇ ಹೇಳ್ತಾರಂತೆ. ಎರಡು ನಿಮಿಷದಲ್ಲಿ ಮುಗಿಯಲ್ಲ, ಈಗಲೇ ಹೇಳಿಬಿಟ್ಟಿದ್ದೇನೆ.